ತರಗತಿಯೊಳಗಿನ ಧರ್ಮ: ನ್ಯಾಯಾಲಯ ಕೇಳಿದ ಪ್ರಶ್ನೆ, ಕೇಳದೆ ಬಿಟ್ಟ ಪ್ರಶ್ನೆ

2025ರ ಏಪ್ರಿಲ್‌ನಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಲು ಬಂದ ಕೆಲವು ವಿದ್ಯಾರ್ಥಿಗಳಿಗೆ ಶಿವಮೊಗ್ಗ ಮತ್ತು ಬೀದರ್‌ನ ಪರೀಕ್ಷಾ ಕೇಂದ್ರಗಳ ಬಾಗಿಲಲ್ಲಿ ಜನಿವಾರ ತೆಗೆದು ಒಳಹೋಗುವಂತೆ ಸೂಚಿಸಲಾಯಿತು. ಬೀದರ್‌ನಲ್ಲಿ ಒಬ್ಬ ವಿದ್ಯಾರ್ಥಿ ಇದಕ್ಕೆ ಒಪ್ಪದೆ ಗಣಿತ ಪರೀಕ್ಷೆಯಿಂದಲೇ ವಂಚಿತನಾದ. ರಾಜ್ಯದಾದ್ಯಂತ ಆಕ್ರೋಶ ವ್ಯಕ್ತವಾಯಿತು. ಸಚಿವರು ವಿಷಾದಿಸಿದರು, ಸಿಬ್ಬಂದಿಯ ಮೇಲೆ ಕ್ರಮ ಜರುಗಿತು, ಅವಕಾಶ ತಪ್ಪಿದ ವಿದ್ಯಾರ್ಥಿಗೆ ಪರ್ಯಾಯ ಕಲ್ಪಿಸುವ ಮಾತು ಬಂತು. ಇಷ್ಟೂ ಆಗಬೇಕಾದದ್ದೇ.

ಅದಕ್ಕೆ ಸರಿಯಾಗಿ ಮೂರು ವರ್ಷಗಳ ಹಿಂದೆ, 2022ರ ಏಪ್ರಿಲ್ 22ರಂದು, ಉಡುಪಿಯ ಪರೀಕ್ಷಾ ಕೇಂದ್ರವೊಂದಕ್ಕೆ ದ್ವಿತೀಯ ಪಿಯುಸಿ ಪರೀಕ್ಷೆ ಬರೆಯಲು ಬುರ್ಖಾ ಧರಿಸಿ ಬಂದ ಇಬ್ಬರು ವಿದ್ಯಾರ್ಥಿನಿಯರು ಬಾಗಿಲಿನಿಂದಲೇ ಹಿಂದಿರುಗಿದ್ದರು. ಆಗಿನ ಸರ್ಕಾರ ಅದನ್ನು ನಿಯಮದ ಪಾಲನೆಯೆಂದೇ ಪರಿಗಣಿಸಿತು. ಎರಡೂ ಘಟನೆಗಳು ಒಂದೇ ಅಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಜನಿವಾರ ತೆಗೆಸಿದ್ದು ತಪಾಸಣೆಯ ಸಿಬ್ಬಂದಿಯ ಅತಿರೇಕ. ಉಡುಪಿಯಲ್ಲಿ ನಡೆದದ್ದರ ಹಿಂದೆ ಸರ್ಕಾರಿ ಆದೇಶವಿತ್ತು, ಅದನ್ನು ಎತ್ತಿಹಿಡಿದ ಹೈಕೋರ್ಟ್ ತೀರ್ಪಿತ್ತು. ಆದರೂ ಕುತೂಹಲದ ಸಂಗತಿಯೆಂದರೆ, 2022ರಲ್ಲಿ ‘ನಿಯಮ ಎಂದರೆ ನಿಯಮ’ ಎಂದಿದ್ದ ಅನೇಕರು 2025ರಲ್ಲಿ ಶ್ರದ್ಧೆಯ ಮಾತನಾಡಿದರು. ಅಂದು ಶ್ರದ್ಧೆಯ ಮಾತನಾಡಿದ್ದ ಕೆಲವರು ಈ ಬಾರಿ ಮೌನ ವಹಿಸಿದರು. ನಮ್ಮಲ್ಲಿ ಈ ಚರ್ಚೆ ನಿಂತಲ್ಲೇ ನಿಂತಿರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ನ್ಯಾಯಾಲಯಗಳಲ್ಲಿದೆ. ಸರ್ಕಾರಿ ಶಾಲೆಯಲ್ಲಿ ಮಗುವೊಂದು ತನ್ನ ನಂಬಿಕೆಯನ್ನು ವ್ಯಕ್ತಪಡಿಸಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1986ರಲ್ಲೇ ಒಂದು ದಾರಿ ತೋರಿಸಿತ್ತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಹಿಡಿದದ್ದು ಬೇರೆ ದಾರಿ.

ಮೌನವೂ ಮಾತೇ

ಕೇರಳದ ಕೊಟ್ಟಾಯಂ ಜಿಲ್ಲೆಯ ಶಾಲೆಯೊಂದರಲ್ಲಿ ಒಂದೇ ಕುಟುಂಬದ ಮೂವರು ಮಕ್ಕಳು ಓದುತ್ತಿದ್ದರು. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ದೇವರನ್ನಲ್ಲದೆ ಬೇರೆ ಯಾವುದನ್ನೂ, ರಾಷ್ಟ್ರವನ್ನೂ ಸಹ, ಸ್ತುತಿಸಿ ಹಾಡುವಂತಿಲ್ಲ ಎಂಬುದು ಆ ಪಂಥದವರ ನಂಬಿಕೆ. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಮೊಳಗುವಾಗ ಈ ಮಕ್ಕಳು ಉಳಿದವರೊಡನೆ ಎದ್ದು ನಿಲ್ಲುತ್ತಿದ್ದರು, ಗೌರವದಿಂದ ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಇದು ಬಹುಕಾಲ ನಡೆದುಬಂದಿತ್ತು. ಶಿಕ್ಷಕರಿಗಾಗಲಿ ಸಹಪಾಠಿಗಳಿಗಾಗಲಿ ಇದರಿಂದ ತೊಂದರೆಯಾಗಿರಲಿಲ್ಲ. 1985ರ ಜುಲೈನಲ್ಲಿ ಶಾಸಕರೊಬ್ಬರ ಗಮನಕ್ಕೆ ಈ ವಿಷಯ ಬಂತು. ಅವರು ಇದನ್ನು ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ವಿಚಾರಣೆ ನಡೆದು, ಮಕ್ಕಳು ಸನ್ನಡತೆಯವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂಬ ವರದಿಯೂ ಬಂತು. ಆದಾಗ್ಯೂ ಇಲಾಖೆಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಹಾಕಿದರು.

ಕೇರಳ ಹೈಕೋರ್ಟ್‌ನಲ್ಲಿ ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ಮಕ್ಕಳ ಮನವಿಯನ್ನು ತಳ್ಳಿಹಾಕಿದವು. ರಾಷ್ಟ್ರಗೀತೆಯ ಸಾಹಿತ್ಯದಲ್ಲಿ ಯಾರ ಧಾರ್ಮಿಕ ಭಾವನೆಗೂ ಧಕ್ಕೆ ತರುವ ಪದವಿಲ್ಲ ಎಂಬುದು ಹೈಕೋರ್ಟ್ ಕೊಟ್ಟ ಕಾರಣ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್‌ನ ನ್ಯಾ. ಒ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾ. ಎಂ.ಎಂ. ದತ್ ಈ ತೀರ್ಪನ್ನು ರದ್ದುಪಡಿಸಿದರು. ಹೈಕೋರ್ಟ್ ತಪ್ಪು ಪ್ರಶ್ನೆ ಕೇಳಿಕೊಂಡಿದೆ ಎಂಬುದು ಅವರ ಮುಖ್ಯ ಆಕ್ಷೇಪ. ಗೀತೆಯಲ್ಲಿ ಏನಿದೆ, ಈ ನಂಬಿಕೆ ನ್ಯಾಯಾಧೀಶರಿಗೆ ತರ್ಕಬದ್ಧವೆನಿಸುತ್ತದೆಯೇ ಎಂಬುದು ಅಪ್ರಸ್ತುತ. ನಂಬಿಕೆ ಪ್ರಾಮಾಣಿಕವೇ, ಆತ್ಮಸಾಕ್ಷಿಗೆ ಅನುಗುಣವಾದದ್ದೇ ಎಂಬುದಷ್ಟೇ ಪ್ರಸ್ತುತ.

ಬಿಜೋ ಇಮ್ಯಾನುಯಲ್ ಪ್ರಕರಣವೆಂದು ಹೆಸರಾದ ಈ ತೀರ್ಪನ್ನು ನಾವು ಸಾಮಾನ್ಯವಾಗಿ ಧಾರ್ಮಿಕ ಸ್ವಾತಂತ್ರ್ಯದ ತೀರ್ಪೆಂದು ನೆನೆಯುತ್ತೇವೆ. ವಾಸ್ತವದಲ್ಲಿ ಅದು ಮೊದಲು ಪರಿಶೀಲಿಸಿದ್ದು ಸಂವಿಧಾನದ 19ನೇ ವಿಧಿಯನ್ನು, ಅಂದರೆ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು. ಮಾತನಾಡುವ ಹಕ್ಕಿನೊಳಗೆ ಸುಮ್ಮನಿರುವ ಹಕ್ಕೂ ಇದೆ. ಆ ಹಕ್ಕನ್ನು ನಿರ್ಬಂಧಿಸಬೇಕಾದರೆ ಸಂವಿಧಾನ ಪಟ್ಟಿಮಾಡಿದ ಕಾರಣಗಳಲ್ಲೊಂದು ಇರಬೇಕು, ಮೇಲಾಗಿ ಆ ನಿರ್ಬಂಧ ‘ಕಾನೂನಿನ’ ಮೂಲಕ ಬಂದಿರಬೇಕು. ಕೇರಳ ಸರ್ಕಾರದ ಬಳಿಯಿದ್ದದ್ದು ಶಿಕ್ಷಣ ಇಲಾಖೆಯ ಎರಡು ಸುತ್ತೋಲೆಗಳು ಮಾತ್ರ. ಶಾಸನದ ಬಲವಿಲ್ಲದ ಸುತ್ತೋಲೆ ಕಾನೂನಲ್ಲ. ಅದರಿಂದ ಮೂಲಭೂತ ಹಕ್ಕನ್ನು ಮೊಟಕುಗೊಳಿಸುವಂತಿಲ್ಲ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971 ಕೂಡ ಗೀತೆ ಹಾಡುವುದನ್ನು ತಡೆಯುವವರನ್ನು ಮತ್ತು ಹಾಡುವ ಸಭೆಗೆ ಅಡ್ಡಿಪಡಿಸುವವರನ್ನು ಶಿಕ್ಷಿಸುತ್ತದೆಯೇ ಹೊರತು ಎದ್ದು ನಿಂತು ಸುಮ್ಮನಿರುವವರನ್ನಲ್ಲ. ಧರ್ಮದ ಪ್ರಶ್ನೆಗೆ ಬರುವ ಮೊದಲೇ ಪ್ರಕರಣದ ಅರ್ಧ ಭಾಗ ಹೀಗೆ ಇತ್ಯರ್ಥವಾಗಿತ್ತು.

ಯುದ್ಧಕಾಲದ ಒಂದು ತಿದ್ದುಪಡಿ

ನ್ಯಾ. ಚಿನ್ನಪ್ಪ ರೆಡ್ಡಿಯವರು ಈ ತೀರ್ಪಿನಲ್ಲಿ ಅಮೆರಿಕದ ಎರಡು ಪ್ರಕರಣಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಅವೂ ಯೆಹೋವನ ಸಾಕ್ಷಿಗಳ ಮಕ್ಕಳದ್ದೇ. 1940ರಲ್ಲಿ ಪೆನ್ಸಿಲ್ವೇನಿಯಾದ ಮೈನರ್ಸ್‌ವಿಲ್ ಪಟ್ಟಣದ ಶಾಲಾ ಮಕ್ಕಳು ಧ್ವಜಕ್ಕೆ ವಂದಿಸಲು ನಿರಾಕರಿಸಿದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ ಶಾಲೆಯ ಪರ ನಿಂತಿತು. ರಾಷ್ಟ್ರೀಯ ಏಕತೆ ದೊಡ್ಡದು, ಶಾಲೆಯ ಶಿಸ್ತಿನಲ್ಲಿ ನ್ಯಾಯಾಲಯ ಕೈಹಾಕಬಾರದು ಎಂಬುದು ನ್ಯಾ. ಫ್ರಾಂಕ್‌ಫರ್ಟರ್ ಅವರ ವಾದ. ತೀರ್ಪಿನ ಬೆನ್ನಲ್ಲೇ ದೇಶದ ಅನೇಕ ಕಡೆ ಆ ಪಂಥದವರ ಮೇಲೆ ಹಲ್ಲೆಗಳಾದವು, ಅವರ ಪ್ರಾರ್ಥನಾ ಸ್ಥಳಗಳಿಗೆ ಬೆಂಕಿ ಬಿತ್ತು. ಅತ್ಯುನ್ನತ ನ್ಯಾಯಾಲಯವೇ ಇವರನ್ನು ದೇಶಭಕ್ತರಲ್ಲ ಎಂದಿದೆ ಎಂದು ಜನ ಅರ್ಥಮಾಡಿಕೊಂಡಿದ್ದರು.

ಮೂರೇ ವರ್ಷಗಳಲ್ಲಿ, 1943ರ ಜೂನ್ 14ರಂದು, ಅದೇ ನ್ಯಾಯಾಲಯ ತನ್ನನ್ನು ತಾನೇ ತಿದ್ದಿಕೊಂಡಿತು. ಪಶ್ಚಿಮ ವರ್ಜೀನಿಯಾದ ಬಾರ್ನೆಟ್ ಪ್ರಕರಣದಲ್ಲಿ ಆರಕ್ಕೆ ಮೂರರ ಬಹುಮತ ಮಕ್ಕಳ ಪರವಾಗಿತ್ತು. ಅಂದು ಅಮೆರಿಕದಲ್ಲಿ ಧ್ವಜ ದಿನ. ದೇಶ ಎರಡು ಮಹಾಸಾಗರಗಳಾಚೆ ಯುದ್ಧದಲ್ಲಿ ತೊಡಗಿತ್ತು. ತೀರ್ಪು ಬರೆದ ನ್ಯಾ. ರಾಬರ್ಟ್ ಜಾಕ್ಸನ್ (ಮುಂದೆ ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿರುದ್ಧ ಅಮೆರಿಕದ ಪ್ರಧಾನ ಅಭಿಯೋಜಕರಾದವರು ಇವರೇ) ಪ್ರಕರಣವನ್ನು ಧರ್ಮದ ವಿನಾಯಿತಿಯಾಗಿ ನೋಡದೆ ಅಭಿವ್ಯಕ್ತಿಯ ಪ್ರಶ್ನೆಯಾಗಿ ನೋಡಿದರು. ಸರ್ಕಾರಕ್ಕೆ ಯಾರ ಬಾಯಿಂದಲೂ ನಿಷ್ಠೆಯ ಮಾತನ್ನು ಬಲವಂತವಾಗಿ ಹೊರಡಿಸುವ ಅಧಿಕಾರವಿಲ್ಲ ಎಂದಾದ ಮೇಲೆ ಆ ಮಗುವಿನ ಧರ್ಮಗ್ರಂಥ ಏನು ಹೇಳುತ್ತದೆ ಎಂದು ನ್ಯಾಯಾಲಯ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಆಸ್ತಿಕನಿಗೂ ನಾಸ್ತಿಕನಿಗೂ ಒಂದೇ ರಕ್ಷಣೆ ದೊರೆಯುತ್ತದೆ. ನಮ್ಮ ಹಿಜಾಬ್ ಚರ್ಚೆಯಲ್ಲಿ ಕಾಣದೇ ಹೋದದ್ದು ಈ ಸೂಕ್ಷ್ಮ.

ಉಡುಪಿಯಿಂದ ಉಡುಪಿಗೆ

ಹಿಜಾಬ್ ಪ್ರಕರಣದ ಘಟನಾವಳಿ ಓದುಗರಿಗೆ ತಿಳಿದಿರುವಂಥದ್ದೇ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರು ವಿದ್ಯಾರ್ಥಿನಿಯರನ್ನು ತರಗತಿಯೊಳಗೆ ಬಿಡದಿದ್ದುದರಿಂದ ಆರಂಭವಾದ ವಿವಾದ ಕುಂದಾಪುರಕ್ಕೆ, ಅಲ್ಲಿಂದ ಇಡೀ ರಾಜ್ಯಕ್ಕೆ ಹಬ್ಬಿತು. ಕೇಸರಿ ಶಾಲುಗಳು ಬಂದವು. 2022ರ ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರ ಕುರಿತ ಆದೇಶ ಹೊರಡಿಸಿತು. 8ರಂದು ಹಲವೆಡೆ ಸಂಘರ್ಷ ನಡೆದು ಶಾಲಾ ಕಾಲೇಜುಗಳಿಗೆ ಮೂರು ದಿನ ರಜೆ ಸಾರಲಾಯಿತು. 10ರಂದು ಹೈಕೋರ್ಟ್ ಮಧ್ಯಂತರ ಆದೇಶ ನೀಡಿ, ಸಮವಸ್ತ್ರ ನಿಗದಿಯಾಗಿರುವ ಕಾಲೇಜುಗಳ ತರಗತಿಯಲ್ಲಿ ಹಿಜಾಬ್, ಕೇಸರಿ ಶಾಲು ಯಾವುದೂ ಕೂಡದು ಎಂದಿತು. ಶಿಕ್ಷಕಿಯರು ಸಹ ಗೇಟಿನ ಬಳಿ ನಿಂತು ಬುರ್ಖಾ ಕಳಚುತ್ತಿದ್ದ ದೃಶ್ಯಗಳನ್ನು ಟಿವಿ ವಾಹಿನಿಗಳು ದಿನವಿಡೀ ತೋರಿಸಿದವು. ಮಾರ್ಚ್ 15ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾ. ಕೃಷ್ಣ ಎಸ್. ದೀಕ್ಷಿತ್ ಮತ್ತು ನ್ಯಾ. ಜೆ.ಎಂ. ಖಾಜಿ ಅವರ ಪೂರ್ಣ ಪೀಠ ಅಂತಿಮ ತೀರ್ಪು ನೀಡಿತು. (ಫ್ರಾನ್ಸ್ ತನ್ನ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿದ ಶಾಸನದ ದಿನಾಂಕವೂ ಮಾರ್ಚ್ 15, ವರ್ಷ 2004. ಕಾಕತಾಳೀಯ, ಅಷ್ಟೆ.)

ಪೀಠ ತಾನೇ ಮುಂದಿಟ್ಟುಕೊಂಡ ಮೊದಲ ಪ್ರಶ್ನೆ, ಹಿಜಾಬ್ ಇಸ್ಲಾಂ ಧರ್ಮದ ‘ಅತ್ಯಗತ್ಯ ಧಾರ್ಮಿಕ ಆಚರಣೆ’ಯೇ ಎಂಬುದು. ಅದಕ್ಕೆ ಉತ್ತರ ಹುಡುಕಲು ನ್ಯಾಯಮೂರ್ತಿಗಳು ಅಬ್ದುಲ್ಲಾ ಯೂಸುಫ್ ಅಲಿ ಅವರ ಕುರಾನ್ ಅನುವಾದ ಮತ್ತು ವ್ಯಾಖ್ಯಾನವನ್ನು ಆಧಾರವಾಗಿಟ್ಟುಕೊಂಡರು. ಅಲ್ಲಿರುವುದು ಸಲಹೆಯೇ ಹೊರತು ಕಡ್ಡಾಯ ವಿಧಿಯಲ್ಲ ಎಂಬ ತೀರ್ಮಾನಕ್ಕೆ ಬಂದರು. ಅರ್ಜಿದಾರರ ಹಕ್ಕಿನ ಬಹುಪಾಲು ಅಲ್ಲಿಗೇ ಮುಗಿದಿತ್ತು.

ಈ ‘ಅತ್ಯಗತ್ಯ’ ಎಂಬ ಅಳತೆಗೋಲು ಎಲ್ಲಿಂದ ಬಂತು? ಅದೂ ಉಡುಪಿಯಿಂದಲೇ. ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಸ್ವಾಮೀಜಿಯವರು ಮದ್ರಾಸ್ ಸರ್ಕಾರದ 1951ರ ಧಾರ್ಮಿಕ ದತ್ತಿ ಕಾಯ್ದೆಯನ್ನು ಪ್ರಶ್ನಿಸಿ ನಡೆಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 1954ರಲ್ಲಿ ತೀರ್ಪು ನೀಡಿತು. ದಕ್ಷಿಣ ಕನ್ನಡ ಆಗಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಧರ್ಮವೆಂದರೆ ಬರಿಯ ನಂಬಿಕೆಯಲ್ಲ, ಆಚರಣೆಯೂ ಹೌದು. ಯಾವುದು ಧರ್ಮದ ಅಗತ್ಯ ಭಾಗವೆಂಬುದನ್ನು ಪ್ರಧಾನವಾಗಿ ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕು ಎಂದು ನ್ಯಾ. ಬಿ.ಕೆ. ಮುಖರ್ಜಿಯಾ ಬರೆದರು. ಮಠದ ಸ್ವಾತಂತ್ರ್ಯಕ್ಕೆ ಸರ್ಕಾರದಿಂದ ರಕ್ಷಣೆ ಕೊಡಲು ಹೇಳಿದ ಮಾತು ಅದು. ಅದಾದ ಕೆಲವೇ ವರ್ಷಗಳಲ್ಲಿ ಅದೇ ಕರಾವಳಿಯ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರವೇಶ ಪ್ರಕರಣ ಬಂತು. ಅಲ್ಲಿ ನ್ಯಾಯಾಲಯವೇ ಆಗಮಗಳನ್ನು ಪರಿಶೀಲಿಸಿ ಯಾವುದು ಧಾರ್ಮಿಕ ವಿಷಯವೆಂದು ನಿರ್ಣಯಿಸಿತು. 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ ನ್ಯಾ. ಗಜೇಂದ್ರಗಡ್ಕರ್ ಇನ್ನೂ ಮುಂದೆ ಹೋಗಿ, ಮೂಢನಂಬಿಕೆಯಿಂದ ಹುಟ್ಟಿದ ಆಚರಣೆಗಳನ್ನು ಬೇರ್ಪಡಿಸುವ ಹೊಣೆಯೂ ನ್ಯಾಯಾಲಯದ್ದೇ ಎಂದರು. ಧರ್ಮವನ್ನು ಸರ್ಕಾರದಿಂದ ಕಾಯಲು ಕಟ್ಟಿದ ಬೇಲಿ, ಕಾಲಕ್ರಮೇಣ ಧರ್ಮ ಯಾವುದೆಂದು ನ್ಯಾಯಾಲಯವೇ ಗೆರೆ ಎಳೆಯುವ ಸಾಧನವಾಯಿತು. ಅರುವತ್ತೆಂಟು ವರ್ಷಗಳ ನಂತರ ಅದು ಹುಟ್ಟಿದ ಊರಿಗೇ ಹಿಂದಿರುಗಿ ಹದಿಹರೆಯದ ಆರು ವಿದ್ಯಾರ್ಥಿನಿಯರ ಎದುರು ನಿಂತಿತು.

ಮಠವೊಂದರ ಆಡಳಿತದ ಹಕ್ಕನ್ನು ಅಳೆಯಲು ಬಳಸಿದ ಕೋಲನ್ನು ಒಬ್ಬ ವ್ಯಕ್ತಿಯ ಆತ್ಮಸಾಕ್ಷಿಯನ್ನು ಅಳೆಯಲು ಬಳಸಬಹುದೇ? ಸಂಸ್ಥೆಯ ವಿಷಯದಲ್ಲಿ ‘ಅತ್ಯಗತ್ಯ ಯಾವುದು’ ಎಂಬ ಪ್ರಶ್ನೆಗೆ ಅರ್ಥವಿದೆ. ಇಲ್ಲವಾದರೆ ಮಠದ ಲೆಕ್ಕಪತ್ರವೂ ಧರ್ಮವೇ ಆಗಿಬಿಡುತ್ತದೆ. ಆದರೆ ಒಬ್ಬ ಹುಡುಗಿ ‘ಇದು ನನ್ನ ನಂಬಿಕೆ’ ಎಂದಾಗ, ‘ನಿನ್ನ ಧರ್ಮದಲ್ಲಿ ಇದು ಕಡ್ಡಾಯವಲ್ಲ’ ಎಂದು ಉತ್ತರಿಸುವುದು ಆಕೆ ಕೇಳಿದ್ದಕ್ಕೆ ಉತ್ತರವಲ್ಲ. ಇದೇ ಅಳತೆಯನ್ನು ಕೊಟ್ಟಾಯಂನ ಮಕ್ಕಳಿಗೂ ಅನ್ವಯಿಸಿದ್ದರೆ ರಾಷ್ಟ್ರಗೀತೆ ಹಾಡದಿರುವುದು ಕ್ರೈಸ್ತ ಧರ್ಮದ ಅತ್ಯಗತ್ಯ ಭಾಗವೆಂದು ಯಾರೂ ಸಾಧಿಸಿ ತೋರಿಸಲಾಗುತ್ತಿರಲಿಲ್ಲ. ಕೋಟ್ಯಂತರ ಕ್ರೈಸ್ತರು ಅದನ್ನು ಪ್ರತಿದಿನ ಹಾಡುತ್ತಾರೆ.

ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ 2007ರಲ್ಲಿ ಈ ತೊಡಕನ್ನು ಸರಳವಾಗಿ ಬಿಡಿಸಿತ್ತು. ಡರ್ಬನ್‌ನ ಬಾಲಕಿಯರ ಪ್ರೌಢಶಾಲೆಯೊಂದರಲ್ಲಿ ಓದುತ್ತಿದ್ದ ದಕ್ಷಿಣ ಭಾರತ ಮೂಲದ ಹಿಂದೂ ಹುಡುಗಿ ಮೂಗುಬೊಟ್ಟು ಧರಿಸಿ ಬಂದಳು, ಶಾಲೆ ಆಕ್ಷೇಪಿಸಿತು. ಮೂಗುಬೊಟ್ಟು ಹಿಂದೂ ಧರ್ಮದಲ್ಲಿ ಕಡ್ಡಾಯವಲ್ಲ ಎಂಬುದು ಎಲ್ಲರಿಗೂ ಒಪ್ಪಿಗೆಯಿದ್ದ ಸಂಗತಿ. ಮುಖ್ಯ ನ್ಯಾಯಮೂರ್ತಿ ಪಿಯಸ್ ಲಾಂಗಾ, ಕಡ್ಡಾಯವಲ್ಲದ, ಸ್ವಇಚ್ಛೆಯಿಂದ ಪಾಲಿಸುವ ಆಚರಣೆಗೂ ರಕ್ಷಣೆ ಇದೆ, ಶಾಲೆ ಅದಕ್ಕೆ ಸೂಕ್ತ ಅವಕಾಶ ಮಾಡಿಕೊಡಬೇಕಿತ್ತು ಎಂದರು. ಕರ್ನಾಟಕ ಹೈಕೋರ್ಟ್‌ನಲ್ಲಿ ಅರ್ಜಿದಾರರು ಈ ಪಿಳ್ಳೆ ಪ್ರಕರಣವನ್ನು ಆಧಾರವಾಗಿ ಕೊಟ್ಟರು. ಮೂಗುಬೊಟ್ಟು ಕಣ್ಣಿಗೆ ಅಷ್ಟಾಗಿ ಬೀಳದ ಚಿಕ್ಕ ವಸ್ತು ಎಂಬ ಕಾರಣದಿಂದ ಪೀಠ ಅದನ್ನು ಬದಿಗಿಟ್ಟಿತು. ಹಕ್ಕಿನ ಗಾತ್ರ ವಸ್ತುವಿನ ಗಾತ್ರವನ್ನು ಅವಲಂಬಿಸಿದೆ ಎಂಬಂತಿರುವ ಈ ತರ್ಕ ಒಪ್ಪುವಂಥದ್ದಲ್ಲ.

ಸುತ್ತೋಲೆಯ ತೂಕ

19ನೇ ವಿಧಿಯ ವಾದವನ್ನೂ ಹೈಕೋರ್ಟ್ ಕೇಳಿತು. ಶಾಲೆಯಂಥ ಜಾಗ ‘ಪರಿಮಿತ ಸಾರ್ವಜನಿಕ ಸ್ಥಳ’. ಅಲ್ಲಿ ಉಡುಪಿನ ಮೂಲಕ ಅಭಿವ್ಯಕ್ತಿಯೆಂಬುದು ಮೂಲ ಹಕ್ಕಿನಿಂದ ಹುಟ್ಟಿದ ದುರ್ಬಲ ಹಕ್ಕು ಮಾತ್ರ, ಸಮವಸ್ತ್ರ ಅದರ ಮೇಲಿನ ನ್ಯಾಯೋಚಿತ ನಿರ್ಬಂಧ ಎಂಬುದು ಪೀಠದ ನಿಲುವಿನ ಸಾರ. ನ್ಯಾಯೋಚಿತವೇ ಎಂದು ಕೇಳುವ ಮೊದಲು ಬಿಜೋ ಇಮ್ಯಾನುಯಲ್ ಕೇಳಿದ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕಿತ್ತು: ಇಲ್ಲಿ ಕಾನೂನು ಯಾವುದು?

ಫೆಬ್ರವರಿ 5ರ ಆದೇಶ ಹೊರಟದ್ದು ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 133ನೇ ಪ್ರಕರಣದಡಿ. ಅದು ಸರ್ಕಾರಕ್ಕೆ ನಿರ್ದೇಶನ ನೀಡುವ ಸಾಮಾನ್ಯ ಅಧಿಕಾರ ಕೊಡುತ್ತದೆ. ಆದೇಶವು ಪದವಿಪೂರ್ವ ಕಾಲೇಜುಗಳ ಸಮವಸ್ತ್ರವನ್ನು ತಾನೇ ಗೊತ್ತುಪಡಿಸಲಿಲ್ಲ. ಅದನ್ನು ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಬಿಟ್ಟಿತು. ಈ ಸಮಿತಿಗಳು ಕಾಯ್ದೆಯಲ್ಲೂ ಇಲ್ಲ, ನಿಯಮಗಳಲ್ಲೂ ಇಲ್ಲ. ಅವು ಹುಟ್ಟಿದ್ದು 2014ರ ಜನವರಿಯ ಒಂದು ಸುತ್ತೋಲೆಯಿಂದ. ಸಮಿತಿಗೆ ಅಧ್ಯಕ್ಷರು ಆಯಾ ಕ್ಷೇತ್ರದ ಶಾಸಕರು. ಕಟ್ಟಡ, ಶೌಚಾಲಯ, ಅನುದಾನಗಳನ್ನು ನೋಡಿಕೊಳ್ಳಲು ರಚಿಸಿದ ಸಮಿತಿಗೆ ಮಕ್ಕಳ ಮೂಲಭೂತ ಹಕ್ಕಿನ ಎಲ್ಲೆಯನ್ನು ನಿರ್ಧರಿಸುವ ಕೆಲಸವೂ ಬಂದಿತು. ಕೊಟ್ಟಾಯಂನಲ್ಲಿ ಶಾಸಕರೊಬ್ಬರು ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದ್ದರು. ಇಲ್ಲಿ ಶಾಸಕರಿಗೇ ತೀರ್ಮಾನದ ಅಧಿಕಾರ. ಚುನಾವಣೆಗೆ ನಿಲ್ಲುವವರ ಕೈಯಲ್ಲಿ ಅಲ್ಪಸಂಖ್ಯಾತ ಮಗುವೊಂದರ ಹಕ್ಕನ್ನು ಇಡಬಾರದೆಂಬ ಕಾರಣಕ್ಕೇ ಅಲ್ಲವೇ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯವಿರುವುದು? ಅರ್ಜಿದಾರರ ವಕೀಲರು ಈ ಅಂಶವನ್ನು ಒತ್ತಿ ಹೇಳಿದರು. ಹೈಕೋರ್ಟ್‌ಗೆ ಅದರಲ್ಲಿ ದೋಷ ಕಾಣಲಿಲ್ಲ.

ಫ್ರಾನ್ಸ್‌ನ ನಿಷೇಧ ಒಳ್ಳೆಯದೋ ಕೆಟ್ಟದೋ, ಅದು ಸಂಸತ್ತಿನಲ್ಲಿ ಬಹಿರಂಗ ಚರ್ಚೆಯಾಗಿ ಅಂಗೀಕೃತವಾದ ಶಾಸನ. ನಮ್ಮಲ್ಲಿ ಒಂದು ಕಾಲೇಜಿನಲ್ಲಿ ಸಲ್ಲುವುದು ಪಕ್ಕದ ತಾಲ್ಲೂಕಿನಲ್ಲಿ ಸಲ್ಲುವುದಿಲ್ಲ ಎಂಬ ಸ್ಥಿತಿ ಉಂಟಾಯಿತು.

ಗೊಂದಲಕ್ಕೆ ಹೊಣೆ ಯಾರು

ಸರ್ಕಾರದ ಆದೇಶದಲ್ಲಿ ಪ್ರಮುಖವಾಗಿದ್ದ ಪದ ‘ಸಾರ್ವಜನಿಕ ಸುವ್ಯವಸ್ಥೆ’. ಹಿಜಾಬ್ ಧರಿಸಿದವರಿಂದ ತರಗತಿಯಲ್ಲಿ ಪಾಠಕ್ಕೆ ಅಡ್ಡಿಯಾಯಿತೇ? ಅಡ್ಡಿಯಾದದ್ದು ನಿಜ, ಆದರೆ ಅದು ಅವರನ್ನು ಕಂಡು ಇತರರು ಶಾಲು ಹೊದ್ದು ಬೀದಿಗಿಳಿದದ್ದರಿಂದ. ಅಮೆರಿಕದ ಟಿಂಕರ್ ಪ್ರಕರಣ ಇದೇ ಬಗೆಯದು. 1965ರ ಡಿಸೆಂಬರ್‌ನಲ್ಲಿ ಅಯೋವಾ ರಾಜ್ಯದ ಡಿ ಮೊಯಿನ್ ನಗರದ ಕೆಲವು ಶಾಲಾ ಮಕ್ಕಳು ವಿಯೆಟ್ನಾಂ ಯುದ್ಧಕ್ಕೆ ಶೋಕ ಸೂಚಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದರು. ಗಲಾಟೆಯಾದೀತೆಂದು ಶಾಲೆ ಅವರನ್ನು ಹೊರಗಿಟ್ಟಿತು. 1969ರಲ್ಲಿ ಸುಪ್ರೀಂ ಕೋರ್ಟ್ ಏಳಕ್ಕೆ ಎರಡರ ಬಹುಮತದಿಂದ, ಶಾಲೆಯೊಳಗೆ ಕಾಲಿಟ್ಟ ಮಾತ್ರಕ್ಕೆ ವಿದ್ಯಾರ್ಥಿಯ ಅಭಿವ್ಯಕ್ತಿ ಹಕ್ಕು ಹೋಗುವುದಿಲ್ಲ ಎಂದಿತು. ಪಾಠಪ್ರವಚನಕ್ಕೆ ಗಣನೀಯ ಅಡ್ಡಿಯಾದರೆ ಅಥವಾ ಇನ್ನೊಬ್ಬರ ಹಕ್ಕಿಗೆ ಭಂಗ ಬಂದರೆ ತಡೆಯಬಹುದು. ಆದೀತೆಂಬ ಬರಿಯ ಅಂಜಿಕೆ ಸಾಲದು. ವಿರೋಧಿಸುವವರ ಕೂಗು ಜೋರಾದಷ್ಟೂ ವಿರೋಧಕ್ಕೊಳಗಾದವರ ಹಕ್ಕು ಕುಗ್ಗುತ್ತ ಹೋಗುವುದಾದರೆ, ಯಾರ ಹಕ್ಕನ್ನು ಬೇಕಾದರೂ ಕೂಗಿಯೇ ಕಸಿದುಕೊಳ್ಳಬಹುದು.

ಎದುರು ಪಕ್ಷದ ವಾದದಲ್ಲಿ ಹುರುಳಿಲ್ಲವೆಂದಲ್ಲ. ಸಮವಸ್ತ್ರ ಬಡವ-ಬಲ್ಲಿದ, ಜಾತಿ-ಧರ್ಮಗಳ ಗುರುತನ್ನು ಕೆಲವು ಗಂಟೆಗಳ ಮಟ್ಟಿಗಾದರೂ ಅಳಿಸುತ್ತದೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಇದರ ಬೆಲೆ ಗೊತ್ತು. ಹುಡುಗಿಯ ‘ಆಯ್ಕೆ’ ಎಂಬುದರ ಹಿಂದೆ ಮನೆಯ ಒತ್ತಡ ಇರಬಹುದೆಂಬ ಶಂಕೆಯೂ ನಿರಾಧಾರವಲ್ಲ. ಉಡುಪಿಯ ಕಾಲೇಜಿನಲ್ಲಿ 2004ರಿಂದಲೇ ಸಮವಸ್ತ್ರವಿತ್ತು, ವಿವಾದ ಹಠಾತ್ತನೆ ಎದ್ದುದರ ಹಿಂದೆ ಕಾಣದ ಕೈಗಳಿರಬಹುದು ಎಂದು ಹೈಕೋರ್ಟ್ ಶಂಕಿಸಿತ್ತು. ಇವೆಲ್ಲವನ್ನೂ ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಒತ್ತಡಕ್ಕೊಳಗಾದ ಹುಡುಗಿಗೆ ಮನೆಯಿಂದಾಚೆ ಇರುವ ದಾರಿಯೆಂದರೆ ಕಾಲೇಜು ಒಂದೇ. ಮನೆಯವರು ಹಿಜಾಬ್ ಇಲ್ಲದೆ ಹೊರಗೆ ಬಿಡುವುದಿಲ್ಲ, ಕಾಲೇಜಿನವರು ಹಿಜಾಬ್ ಇದ್ದರೆ ಒಳಗೆ ಬಿಡುವುದಿಲ್ಲ ಎಂದಾದರೆ ಆಕೆಯನ್ನು ಯಾರು ಬಿಡಿಸಿದಂತಾಯಿತು? ಸಮವಸ್ತ್ರದ ಬಣ್ಣದ್ದೇ ದುಪಟ್ಟಾವನ್ನು ತಲೆಗೆ ಹೊದೆಯಲು ಬಿಡಿ ಎಂಬ ಬೇಡಿಕೆಯೂ ನ್ಯಾಯಾಲಯದ ಮುಂದಿತ್ತು ಎಂಬುದನ್ನು ಮರೆಯುವಂತಿಲ್ಲ.

ಶಾಲೆಯ ಮಾತು, ಮಗುವಿನ ಮಾತು

ಮಗುವಿನ ಧಾರ್ಮಿಕ ಅಭಿವ್ಯಕ್ತಿಯೂ ಶಾಲೆಯ ಧಾರ್ಮಿಕ ಅಭಿವ್ಯಕ್ತಿಯೂ ಒಂದೇ ಅಲ್ಲ. ಸಂವಿಧಾನದ 28ನೇ ವಿಧಿ ಸಂಪೂರ್ಣ ಸರ್ಕಾರಿ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲೂ ವಿದ್ಯಾರ್ಥಿಯ, ಅಪ್ರಾಪ್ತರಾದರೆ ಪೋಷಕರ, ಒಪ್ಪಿಗೆಯಿಲ್ಲದೆ ಪೂಜೆ-ಬೋಧನೆಗಳಲ್ಲಿ ಪಾಲ್ಗೊಳ್ಳುವಂತೆ ಮಾಡುವಂತಿಲ್ಲ. ಅಂದರೆ ಮೌನವಾಗಿರಬೇಕಾದದ್ದು ಸಂಸ್ಥೆ, ಮಗುವಲ್ಲ. ನಮ್ಮಲ್ಲಿ ಇದು ತಿರುವುಮುರುವಾಗಿದೆ. 2022ರ ಫೆಬ್ರವರಿಯಲ್ಲಿ ತರಗತಿ ಧರ್ಮಾತೀತವಾಗಿರಬೇಕೆಂದು ವಾದಿಸಿದ ಸರ್ಕಾರದ ಶಿಕ್ಷಣ ಸಚಿವರೇ ಅದೇ ವರ್ಷದ ಆಗಸ್ಟ್‌ನಲ್ಲಿ ಶಾಲೆಗಳಲ್ಲಿ ಗಣೇಶೋತ್ಸವಕ್ಕೆ ಅಡ್ಡಿಯಿಲ್ಲ ಎಂದರು. ಪಠ್ಯದಲ್ಲಿ ಭಗವದ್ಗೀತೆ ಸೇರಿಸುವ ಮಾತೂ ಆ ವರ್ಷವೇ ಬಂದಿತ್ತು. ಧರ್ಮಗಳ ಬಗ್ಗೆ ಕಲಿಸುವುದು ಧಾರ್ಮಿಕ ಬೋಧನೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿರುವುದು ನಿಜ; ಕಲಿಸುವುದಕ್ಕೂ ಆಚರಿಸುವುದಕ್ಕೂ ನಡುವಿನ ಗೆರೆ ಎಲ್ಲಿದೆಯೆಂಬುದು ಮಾತ್ರ ಇನ್ನೂ ಮಸುಕು. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಸಂಸ್ಕೃತ ಪ್ರಾರ್ಥನೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್‌ನ ಪೀಠ 2019ರ ಜನವರಿಯಲ್ಲಿ ಸಂವಿಧಾನ ಪೀಠಕ್ಕೆ ಒಪ್ಪಿಸಬೇಕೆಂದಿತು.

ಈ ಗೆರೆ ಅಮೆರಿಕದಲ್ಲೂ ಅಲುಗಾಡಿದೆ. 1962ರಲ್ಲಿ ನ್ಯೂಯಾರ್ಕ್‌ನ ಶಾಲೆಗಳಿಗಾಗಿ ಸರ್ಕಾರಿ ಮಂಡಳಿ ರಚಿಸಿದ್ದ ಇಪ್ಪತ್ತೆರಡು ಪದಗಳ ಪ್ರಾರ್ಥನೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದಿತ್ತು. ಅದೇ ನ್ಯಾಯಾಲಯ 2022ರ ಜೂನ್‌ನಲ್ಲಿ, ವಾಷಿಂಗ್ಟನ್ ರಾಜ್ಯದ ಸರ್ಕಾರಿ ಶಾಲೆಯ ಫುಟ್ಬಾಲ್ ತರಬೇತುದಾರರೊಬ್ಬರು ಪಂದ್ಯ ಮುಗಿದೊಡನೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುವುದು ಅವರ ಖಾಸಗಿ ಹಕ್ಕು ಎಂದು ಆರಕ್ಕೆ ಮೂರರ ಬಹುಮತದಿಂದ ತೀರ್ಪು ಕೊಟ್ಟಿತು. ತಂಡದಲ್ಲಿ ಯಾರು ಆಡಬೇಕೆಂದು ನಿರ್ಧರಿಸುವವರು ಪ್ರಾರ್ಥಿಸುವಾಗ ಪಕ್ಕದಲ್ಲಿರುವ ಹುಡುಗ ನಿಜಕ್ಕೂ ಸ್ವತಂತ್ರನೇ ಎಂಬ ಭಿನ್ನಮತದ ಆಕ್ಷೇಪ ಈ ಲೇಖಕನಿಗೆ ಹೆಚ್ಚು ತೂಕದ್ದೆನಿಸುತ್ತದೆ. ಗುರುವಿಗೆ ನಮಸ್ಕರಿಸಿ ಕೂರುವ ನಮ್ಮ ತರಗತಿಗಳಲ್ಲಂತೂ ಶಿಕ್ಷಕರ ‘ಖಾಸಗಿ’ ಪ್ರಾರ್ಥನೆ ಖಾಸಗಿಯಾಗಿ ಉಳಿಯುವುದು ಕಷ್ಟ.

ಇಬ್ಬರು ನ್ಯಾಯಮೂರ್ತಿಗಳು, ಎರಡು ತೀರ್ಪು

2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನಿಂದ ಬಂದದ್ದು ಭಿನ್ನ ತೀರ್ಪು. ನ್ಯಾ. ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರು. ಒಂದು ಸಮುದಾಯಕ್ಕೆ ಧಾರ್ಮಿಕ ಚಿಹ್ನೆ ಧರಿಸಲು ಬಿಡುವುದು ಜಾತ್ಯತೀತತೆಗೆ ವಿರುದ್ಧ ಎಂದರು. ನ್ಯಾ. ಸುಧಾಂಶು ಧೂಲಿಯಾ ಅದನ್ನು ರದ್ದುಗೊಳಿಸಿದರು. ಧರ್ಮಶಾಸ್ತ್ರದ ಪ್ರಶ್ನೆಗಳಿಗೆ ಉತ್ತರಿಸುವ ಜಾಗ ನ್ಯಾಯಾಲಯವಲ್ಲ, ಅತ್ಯಗತ್ಯ ಆಚರಣೆಯ ಹಾದಿಯನ್ನು ಹೈಕೋರ್ಟ್ ಹಿಡಿಯಲೇಬಾರದಿತ್ತು, ಬಿಜೋ ಇಮ್ಯಾನುಯಲ್ ತೀರ್ಪು ಈ ಪ್ರಕರಣಕ್ಕೆ ನೇರವಾಗಿ ಅನ್ವಯಿಸುತ್ತದೆ, ಇದು ಅಂತಿಮವಾಗಿ ಆಯ್ಕೆಯ ವಿಷಯ ಎಂಬುದು ಅವರ ತೀರ್ಮಾನ. ಈ ನಿರ್ಬಂಧದಿಂದ ಆ ಹುಡುಗಿಯರ ಬದುಕು ಉತ್ತಮವಾಗುತ್ತದೆಯೇ ಎಂದೂ ಅವರು ಕೇಳಿದರು. ಸೂಕ್ತ ಪೀಠ ರಚನೆಗಾಗಿ ಪ್ರಕರಣವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಲಾಯಿತು. ಮೂರು ದಿನಗಳ ನಂತರ ನ್ಯಾ. ಗುಪ್ತಾ ನಿವೃತ್ತರಾದರು.

ರಾಜ್ಯದಲ್ಲಿ 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಆ ವರ್ಷದ ಡಿಸೆಂಬರ್ 22ರಂದು ಮೈಸೂರು ಜಿಲ್ಲೆಯ ಸಮಾರಂಭವೊಂದರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ನಿರ್ಬಂಧ ವಾಪಸ್ ಪಡೆಯಲು ಹೇಳಿದ್ದೇನೆ ಎಂದು ಘೋಷಿಸಿದರು. ಮರುದಿನವೇ ಇನ್ನೂ ಯೋಚಿಸುತ್ತಿದ್ದೇವೆ ಎಂದರು. ಆದೇಶದಿಂದ ಕೊಟ್ಟದ್ದನ್ನು ಆದೇಶದಿಂದ ಕಸಿಯಬಹುದು, ಕಸಿದದ್ದನ್ನು ಮತ್ತೆ ಕೊಡಬಹುದು. ಹಕ್ಕೊಂದು ಹೀಗೆ ವಿಧಾನಸೌಧದ ಗಾಳಿಗೆ ತಕ್ಕಂತೆ ಅಲುಗಾಡಬಾರದು ಎಂದೇ ಜನ ನ್ಯಾಯಾಲಯದ ಮೆಟ್ಟಿಲೇರುವುದು. ಆದರೆ 2025ರ ಆಗಸ್ಟ್‌ನಲ್ಲಿ ನ್ಯಾ. ಧೂಲಿಯಾ ಅವರೂ ನಿವೃತ್ತರಾದಾಗ ದೊಡ್ಡ ಪೀಠದ ವಿಚಾರಣೆ ಆರಂಭವಾಗಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯ ಬಾಗಿಲಿನಿಂದ ಹಿಂದಿರುಗಿದವರು ಅಂದು ಒಳಹೋಗಿ ಓದು ಮುಂದುವರಿಸಿದ್ದರೆ, ಅಷ್ಟರೊಳಗೆ ಪದವಿ ಮುಗಿಸಿರುತ್ತಿದ್ದರು.